ಒಂದೇ ಸಲ ಕೇಳುವ ಜನ

ಸಮುದ್ರದಲ್ಲಿ ನೀರಿಲ್ಲ ಅಂತ ಹಡಗು ರದ್ದಾದದ್ದನ್ನು ನಾನು ನೋಡಿದ್ದು ಜೀವನದಲ್ಲಿ ಒಂದೇ ಸಲ. ನಲ್ಲಿಯಲ್ಲಿ ನೀರಿಲ್ಲ, ಬಾವಿಯಲ್ಲಿ ನೀರಿಲ್ಲ, ಕನ್ನಂಬಾಡಿಯಲ್ಲೂ ನೀರಿಲ್ಲ ಅನ್ನುವುದನ್ನೆಲ್ಲ ಕೇಳಿಕೊಂಡೇ ಬೆಳೆದ ಮೈಸೂರಿನವಳು ನಾನು. ಆದರೂ ಸಮುದ್ರ ಖಾಲಿ ಅಂದರೆ ಯಾರು ತಾನೇ ನಂಬುತ್ತಾರೆ? ಆಮೇಲೆ ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮಮ್ಮ, "ಏನೇನೋ ಮಾತಾಡ್ಬೇಡ, ಚಳಿಗೆ ಜ್ವರ ಗಿರ ಬಂದಿದ್ಯಾ ನೋಡ್ಕೋ" ಅಂದಳು.

ಇದು ಜರ್ಮನಿಯವರ ಗ್ರೀನ್ ಕಾರ್ಡ್ ವರ್ಷಗಳ ಮಾತು. ಕಂಪ್ಯೂಟರ್ ಬಲ್ಲವರು ಬೇಕು ಅಂತ ಜರ್ಮನಿ ಕರೆದಾಗ ನನ್ನ ಗಂಡ ಹೊರಟು ಬಂದು, ರೇಗನ್ಸ್‌ಬರ್ಗ್‌ನಲ್ಲಿ ಕಾರಿನ ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದ್ದರು. ಮದುವೆಯಾಗಿ ಅವರ ಹಿಂದೆಯೇ ನಾನು ಬಂದೆ. ಮೈಸೂರಿನಲ್ಲಿ ಒಂದು ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ಮಾಡಿಕೊಂಡಿದ್ದವಳ ಪಾಸ್‌ಪೋರ್ಟಿಗೆ ಇಲ್ಲಿನವರು ಒಂದು ಮುದ್ರೆ ಒತ್ತಿದರು: ಕೆಲಸ ಮಾಡುವಂತಿಲ್ಲ. ಗಂಡ ದುಡಿದು ತರಲಿ, ನೀನು ಆರಾಮಾಗಿರು ಅಂತ ಸರ್ಕಾರವೇ ಹೇಳಿದ ಮೇಲೆ ಖುಷಿಪಡುವವರೂ ಇರಬಹುದು. ನನಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಮೂರನೇ ಮಹಡಿಯ ಮನೆ. ಬೆಳಗ್ಗೆ ಹೋದ ಗಂಡ ಕತ್ತಲಾದ ಮೇಲೆ ಬರುವುದು. ಮಧ್ಯಾಹ್ನ ಮಿಕ್ಸಿ ಹಾಕುವಂತಿಲ್ಲ, ಕೆಳಗಿನ ಮನೆಯವರಿಗೆ ಅದು ವಿಶ್ರಾಂತಿಯ ಹೊತ್ತು. ಕುಕ್ಕರ್ ಕೂಗಿದರೂ ನನಗೇ ಅಳುಕು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಕೆಳಗೆ ಬಸ್ ಸ್ಟಾಪ್ ಇತ್ತು. ಯಾವ ಬಸ್ಸಿಗೆ ಯಾರು ಹತ್ತುತ್ತಾರೆ, ಯಾವ ಅಜ್ಜಿಯ ನಾಯಿ ಯಾವ ಕಂಬದ ಹತ್ತಿರ ಕಾಲೆತ್ತುತ್ತದೆ, ಎಲ್ಲ ನನಗೆ ಬಾಯಿಪಾಠವಾಗಿತ್ತು. ಸಂಜೆ ಗಂಡ ಬಂದು "ಏನ್ ಮಾಡ್ದೆ ಇವತ್ತು?" ಅಂತ ಕೇಳಿದರೆ "ಏನಿಲ್ಲ ಬಿಡಿ, ಆರಾಮಾಗಿದ್ದೆ" ಅನ್ನುತ್ತಿದ್ದೆ. ದಣಿದು ಬಂದವರ ಮುಂದೆ ಗೋಳು ತೋಡಿಕೊಳ್ಳುವುದು ಹೇಗೆ ಅಂತ ದಾಕ್ಷಿಣ್ಯ. ಅವರೂ ಇನ್ನೊಂದು ಮಾತು ಕೇಳುತ್ತಿರಲಿಲ್ಲ.

ಸಂಜೆಯ ಜರ್ಮನ್ ಕ್ಲಾಸೊಂದೇ ನನ್ನನ್ನು ಉಳಿಸಿದ್ದು. ಗಂಡನ ಹಿಂದೆ ಬಂದ ಹೆಂಡತಿಯರು ಕಾಯಲೇಬೇಕಾದ ಅವಧಿ ಮುಗಿದು, ಎಲ್ಲಾದರೂ ಕೆಲಸ ಸಿಕ್ಕರೆ ಪರವಾನಗಿ ಕೊಡುತ್ತೇವೆ ಅಂತ ವೀಸಾ ಕಚೇರಿಯವರು ಹೇಳಿದ ದಿನವೇ ನಾನು ಅರ್ಜಿ ಬರೆಯಲು ಕೂತೆ. ಕೊನೆಗೂ ಅಲ್ಲಿನ ಯೂನಿವರ್ಸಿಟಿಯ ಒಬ್ಬ ಪ್ರೊಫೆಸರ್ ಕರೆದರು. ಅವರ ಲ್ಯಾಬಿನಲ್ಲಿ ಒಂದು ಜಾಗ ಖಾಲಿ ಇತ್ತು. ಸೋಮವಾರ ಸಂಜೆ ಬನ್ನಿ, ಮಂಗಳವಾರ ನಾನು ಜಪಾನಿಗೆ ಹೋಗುತ್ತೇನೆ, ಬೇಸಿಗೆಯವರೆಗೆ ಬರುವುದಿಲ್ಲ, ಹೊರಡುವ ಮೊದಲು ಯಾರನ್ನಾದರೂ ಗೊತ್ತುಮಾಡಿ ಹೋಗಬೇಕು ಅಂದರು. ಫೋನಿಟ್ಟ ಮೇಲೆ ನಾನು ಅಡಿಗೆಮನೆಯಲ್ಲಿ ಒಬ್ಬಳೇ ಕುಣಿದೆ. ಕೆಳಗಿನ ಮನೆಯವರಿಗೆ ಕೇಳಿಸಿದರೆ ಕೇಳಿಸಲಿ ಅಂದುಕೊಂಡೆ.

ಅದೇ ವಾರ ಗಂಡ ಇನ್ನೊಂದು ಸುದ್ದಿ ತಂದರು. ಅವರ ಬಾಸು ದೇಶದ ಉತ್ತರದ ತುದಿಯ ಒಂದು ದ್ವೀಪದವರು. ರಜೆಗೆ ತಾಯಿಯ ಮನೆಗೆ ಹೋಗಿದ್ದರು. ಶುಕ್ರವಾರ ಬಂದು ಭಾನುವಾರ ಹೋಗಿ, ನಮ್ಮ ಸಮುದ್ರ ನೋಡಿ ಅಂತ ಇಬ್ಬರನ್ನೂ ಕರೆದಿದ್ದರು.

"ಸೋಮವಾರ ನನ್ನ ಇಂಟರ್‌ವ್ಯೂ ಇದೆ ರೀ" ಅಂದೆ.

"ಸಂಡೇ ಈವ್ನಿಂಗ್ ಮನೇಲಿರ್ತೀವಿ ಕಣೇ. ಅಷ್ಟು ಪ್ರೀತಿಯಿಂದ ಕರ್ದಿದಾರೆ, ಇಲ್ಲ ಅನ್ನೋಕಾಗತ್ತಾ? ಈಗ ಬೇರೆ ಎಲ್ಲ ಕಡೆ ಜನರನ್ನ ತೆಗೀತಿದಾರೆ."

ಅದೂ ನಿಜವೇ. ಬರುವಾಗ ಕೆಂಪು ಹಾಸು ಹಾಸಿದ್ದ ಕಂಪನಿಗಳು ಆ ಹೊತ್ತಿಗೆ ಒಂದೊಂದಾಗಿ ಮುಚ್ಚುತ್ತಿದ್ದವು. ಕೆಲಸ ಹೋದರೆ ವೀಸಾಕ್ಕೂ ಕುತ್ತು. ಬಾಸಿನ ಮುಖ ಮುರಿಯಲು ನನ್ನ ಗಂಡನಿಗೆ ಧೈರ್ಯವಿರಲಿಲ್ಲ, ಮುರಿಯಿರಿ ಅನ್ನಲು ನನಗೂ ಇರಲಿಲ್ಲ.

ಫೆಬ್ರವರಿಯ ಕೊನೆ. ಮ್ಯೂನಿಕ್‌ಗೆ ಹೋಗಿ ವಿಮಾನ ಹತ್ತಿದೆವು, ಹ್ಯಾಂಬರ್ಗ್‌ನಲ್ಲಿ ಇಳಿದೆವು. ಅಲ್ಲಿಂದ ಬಾಡಿಗೆ ಕಾರು. ಗಂಡನಿಗೆ ಇಲ್ಲಿನ ಲೈಸೆನ್ಸ್ ಸಿಕ್ಕಿ ಬಹಳ ದಿನವಾಗಿರಲಿಲ್ಲ. ಆಟೋಬಾನ್ ಮೇಲೆ ಲಾರಿಗಳ ಹಿಂದೆ ಬಲಕ್ಕೆ ಅಂಟಿಕೊಂಡೇ ಓಡಿಸಿದರು, ಒಬ್ಬರನ್ನೂ ಹಿಂದೆ ಹಾಕಲಿಲ್ಲ. ಉತ್ತರಕ್ಕೆ ಹೋದಂತೆ ನೆಲ ಚಪ್ಪಟೆಯಾಗುತ್ತ ಹೋಯಿತು. ಗುಡ್ಡವಿಲ್ಲ, ಊರುಗಳೂ ಅಪರೂಪ. ಗಾಳಿಯಂತ್ರಗಳು ಮತ್ತು ಕುರಿಗಳು ಮಾತ್ರ ಕಾಣುತ್ತಿದ್ದವು. ಕೊನೆಗೆ, ಸಮುದ್ರ ಒಳಗೆ ನುಗ್ಗದ ಹಾಗೆ ಕಟ್ಟಿದ ಒಂದು ಮಣ್ಣಿನ ಏರಿಯ ಹತ್ತಿರ ರಸ್ತೆ ಮುಗಿಯಿತು. ಕಾರನ್ನು ಅಲ್ಲೇ ಬಿಟ್ಟು ಹಡಗು ಹತ್ತಿದೆವು. ನೀರು ಮಡ್ಡಿ ಕಾಫಿಯ ಬಣ್ಣಕ್ಕಿತ್ತು. ದಡ ಹಿಂದೆ ಸರಿಯುವುದನ್ನು ನೋಡುತ್ತ ನಿಂತವಳಿಗೆ ಯಾಕೋ ಸಂಕಟವಾಯಿತು. ಸೋಮವಾರ ಅನ್ನುವುದು ಆ ದಡದ ಮೇಲಿತ್ತು, ನಾನು ದೂರ ಹೋಗುತ್ತಿದ್ದೆ.

ಬಾಸು ಬಂದರಿಗೇ ಬಂದಿದ್ದರು. ಆಫೀಸಿನಲ್ಲಿ ಟೈ ಕಟ್ಟುವ ಮನುಷ್ಯ ಇಲ್ಲಿ ಹಳೇ ಸ್ವೆಟರ್ ಹಾಕಿಕೊಂಡು ಹಳೇ ಕಾರಿನಲ್ಲಿ ನಮ್ಮನ್ನು ಕರೆದೊಯ್ದರು. ಮನೆ ಹುಲ್ಲಿನ ಚಾವಣಿಯದು, ಒಳಗೆ ನಡೆದರೆ ನನ್ನ ಗಂಡನ ತಲೆ ತೊಲೆಗೆ ತಾಗುತ್ತಿತ್ತು. ಬಾಗಿಲ ಪಕ್ಕದಲ್ಲಿ ಒಂದು ಮೊಳೆ. ಒಳಗೆ ಬಂದ ಕೂಡಲೇ ಕಾರಿನ ಕೀ ಅದಕ್ಕೆ ನೇತುಹಾಕುವುದು ಅವರ ರೂಢಿ. ಅವರ ತಾಯಿಗೆ ಎಂಬತ್ತು ದಾಟಿತ್ತು. ಬೆನ್ನು ನೆಟ್ಟಗಿತ್ತು, ಮಾತು ಕಡಿಮೆ. ನಾವು ಮಾಂಸ ಮೀನು ತಿನ್ನುವುದಿಲ್ಲ ಅಂತ ಮಗ ಮೊದಲೇ ಹೇಳಿದ್ದರಿಂದ ಅಜ್ಜಿ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಕೋಸಿನ ಜೊತೆ ಬಡಿಸಿದರು. ರುಚಿಯಾಗಿತ್ತು. ಬೆಳಗಿನಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಆದರೂ ಮೊದಲ ಸಲ ಬಂದ ಮನೆ ಅಂತ ಎರಡೇ ಎರಡು ಆಲೂಗಡ್ಡೆ ಹಾಕಿಕೊಂಡೆ.

"ಇನ್ನಷ್ಟು?" ಅಂದರು ಅಜ್ಜಿ.

"ಬೇಡ, ಬೇಡ" ಅಂದೆ.

ಅಜ್ಜಿ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅಷ್ಟೇ, ಮುಗಿಯಿತು.

ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಅಂದರೆ ಅದು ಮಾತಿನ ಶುರು. ಎಲೆಯ ಮೇಲೆ ಅಡ್ಡ ಕೈ ಹಿಡಿದು ಸಾಕು ಸಾಕು ಅಂದರೂ ಬೆರಳ ಸಂದಿಯಿಂದ ತುಪ್ಪ ಬಿದ್ದೇ ಬೀಳುತ್ತದೆ. ಮೊದಲ ಸಲಕ್ಕೇ ಹೂಂ ಅಂದವರನ್ನು ಹೊಟ್ಟೆಬಾಕರು ಅಂತ ಆಡಿಕೊಳ್ಳುತ್ತಾರೆ, ಬಲವಂತ ಮಾಡದ ಮನೆಯವರನ್ನು ಜುಗ್ಗರು ಅಂತಾರೆ. ಈ ದೇಶದಲ್ಲಿ ಹಾಗಲ್ಲ. ಬೇಡ ಅಂದರೆ ಬೇಡ, ಅದನ್ನು ನಂಬುವುದೇ ಅವರ ಮರ್ಯಾದೆ. ಇದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ರೇಗನ್ಸ್‌ಬರ್ಗ್‌ನಲ್ಲಿ ಎಷ್ಟು ಮನೆಗಳಿಂದ ಹೀಗೆ ಹಸಿದುಕೊಂಡು ವಾಪಸು ಬಂದಿದ್ದೆವೋ. ಗೊತ್ತಿದ್ದರೂ ಬಾಯಿ ಮೊದಲು ಬೇಡ ಅಂದುಬಿಡುತ್ತದೆ, ಬುದ್ಧಿ ಆಮೇಲೆ ಓಡಿ ಬರುತ್ತದೆ. ಮಲಗುವ ಮುನ್ನ ಇಬ್ಬರೂ ಬ್ಯಾಗಿನಲ್ಲಿದ್ದ ಕೋಡುಬಳೆ ತೆಗೆದೆವು. ಪಕ್ಕದ ಕೋಣೆಗೆ ಕೇಳಿಸದ ಹಾಗೆ ಕೋಡುಬಳೆ ತಿನ್ನುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ನಕ್ಕು ನಕ್ಕು ಸಾಕಾಯಿತು.

ಶನಿವಾರ ಬೆಳಗ್ಗೆ ಏರಿಯ ಮೇಲೆ ನಡೆದು ಬಂದೆವು. ಆಕಾಶ ಶುಭ್ರವಾಗಿತ್ತು, ಬಿಸಿಲೂ ಇತ್ತು, ಆದರೆ ಗಾಳಿ ಮುಖಕ್ಕೆ ಬ್ಲೇಡು ಹಾಕಿದಂತೆ ಪೂರ್ವದಿಂದ ಬೀಸುತ್ತಿತ್ತು. ಮನೆಗೆ ಬಂದ ಮೇಲೆ ಬಾಸು ಬಂದರಿಗೆ ಫೋನ್ ಮಾಡಿದರು. ಆಮೇಲೆ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡು ಬಂದು, ನನ್ನ ಗಂಡನಿಗೆ ಇಂಗ್ಲಿಷಿನಲ್ಲಿ, ಪೂರ್ವದ ಗಾಳಿ ಇನ್ನೂ ಜೋರಾಗುತ್ತದಂತೆ, ನಾಳೆ ಹಡಗು ಹೋಗದೆ ಇರಬಹುದು, ಇವತ್ತು ಮಧ್ಯಾಹ್ನ ಒಂದು ಹಡಗಿದೆ, ನಿಮ್ಮನ್ನು ಬಿಟ್ಟುಬರಲಾ ಅಂತ ಕೇಳಿದರು.

ಅಜ್ಜಿ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು. ಭಾನುವಾರ ಮಧ್ಯಾಹ್ನ ಕಾಫಿಗೆ ನೆರೆಯವರನ್ನು ಕರೆದಿದ್ದರು, ಭಾರತದಿಂದ ಬಂದ ನಮ್ಮನ್ನು ತೋರಿಸಲು. ನನ್ನ ಗಂಡ ಆ ಹಿಟ್ಟಿನ ಕಡೆ ನೋಡಿದರು, ಬಾಸಿನ ಕಡೆ ನೋಡಿದರು.

"ನೋ ನೋ, ನಿಮಗ್ಯಾಕೆ ತೊಂದರೆ, ನಾಳೆಯೇ ಹೋಗ್ತೀವಿ" ಅಂದರು.

"ಸರಿ ಹಾಗಾದರೆ."

"ಥ್ಯಾಂಕ್ಯೂ, ಥ್ಯಾಂಕ್ಯೂ."

ಬಾಸು ಕೀಯನ್ನು ಮತ್ತೆ ಮೊಳೆಗೆ ಹಾಕಿ ಪೇಪರ್ ಓದಲು ಕೂತರು.

ನಾನು ಅಲ್ಲೇ ನಿಂತಿದ್ದೆ. ಇನ್ನೊಂದು ಸಲ ಕೇಳುತ್ತಾರೆ, ಹೆಂಡತಿಯನ್ನಾದರೂ ಒಂದು ಮಾತು ಕೇಳುತ್ತಾರೆ, ಆಗ ಹೇಳೋಣ ಅಂತ ಕಾದೆ. ಬಾಸು ಪುಟ ತಿರುಗಿಸಿದರು. ಗಂಡ ನನ್ನ ಕಡೆ ನೋಡಿದಾಗ ಅವರ ಮುಖದಲ್ಲೂ ಅದೇ ಇತ್ತು. ಅವರೂ ಎರಡನೇ ಸಲಕ್ಕೇ ಕಾಯುತ್ತಿದ್ದರು. ಬಾಸು ಬಲವಂತ ಮಾಡಿ ನಮ್ಮನ್ನು ಕಾರಿಗೆ ಹತ್ತಿಸಬೇಕಿತ್ತು, ನಾವು ಸಂಕೋಚಪಡುತ್ತ ಹತ್ತಬೇಕಿತ್ತು. ಮೈಸೂರಾಗಿದ್ದರೆ ಹಾಗೇ ಆಗುತ್ತಿತ್ತು. ಆ ಮಧ್ಯಾಹ್ನ ಬಂದರಿನ ಕಡೆಯಿಂದ ಹಡಗು ಕೂಗಿದ್ದು ಕೇಳಿಸಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಭಾನುವಾರ ಎದ್ದು ಏರಿ ಹತ್ತಿ ನೋಡಿದರೆ ಸಮುದ್ರವೇ ಇಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಕೆಸರು, ನಡುನಡುವೆ ಸಣ್ಣ ಕಾಲುವೆಗಳು. ಬಂದರಿನಲ್ಲಿ ಮೀನಿನ ದೋಣಿಗಳು ವಾಲಿಕೊಂಡು ಕೆಸರಿನಲ್ಲಿ ಕೂತಿದ್ದವು. ಇಲ್ಲಿನ ಸಮುದ್ರ ಆಳವಿಲ್ಲದ್ದು, ದಿನಕ್ಕೆರಡು ಸಲ ಇಳಿದು ಏರುತ್ತದೆ, ಪೂರ್ವದ ಗಾಳಿ ಜೋರಾದರೆ ಇಳಿದ ನೀರನ್ನು ಆಚೆಗೇ ತಳ್ಳಿ ಹಿಡಿದುಬಿಡುತ್ತದೆ, ಮತ್ತೆ ಒಳಗೆ ಬರಲು ಬಿಡುವುದಿಲ್ಲ ಅಂತ ಬಾಸು ವಿವರಿಸಿದರು. ಗಾಳಿ ತಿರುಗುವವರೆಗೆ ಹಡಗಿಲ್ಲ. ಯಾವಾಗ ತಿರುಗುತ್ತದೆ ಅಂದರೆ ಭುಜ ಹಾರಿಸಿದರು. ಏನೂ ಮಾಡಲಾಗದು ಅಂತ ನಗುತ್ತಲೇ ಹೇಳಿದರು. ಅವರಿಗೇನು, ರಜೆ, ಅಮ್ಮನ ಮನೆ. ದೂರದಲ್ಲಿ ಆಚೆ ದಡದ ಗಾಳಿಯಂತ್ರಗಳು ತಿರುಗುವುದು ಕಾಣುತ್ತಿತ್ತು. ನಡೆದು ಹೋಗಬಹುದೇನೋ ಅನ್ನಿಸಿ ಕೇಳಿಯೂಬಿಟ್ಟೆ. ನಡುವಿನ ಕಾಲುವೆಗಳು ಆಳ, ಕೆಸರಿನಲ್ಲಿ ಹೂತರೆ ಬರುವವರು ಯಾರೂ ಇಲ್ಲ ಅಂದರು.

ಮಧ್ಯಾಹ್ನ ನೆರೆಯವರು ಬಂದರು. ಆ ತಗ್ಗು ಚಾವಣಿಯ ಕೋಣೆಯಲ್ಲಿ ಒಲೆಯ ಬಿಸಿ, ಕಿಟಕಿಯೆಲ್ಲ ಮುಚ್ಚಿದೆ, ನನ್ನ ಎಡಬಲಕ್ಕೆ ದಪ್ಪ ದಪ್ಪ ಜನ. ಏಳಬೇಕೆಂದರೆ ನಾಲ್ಕು ಜನ ಏಳಬೇಕು. ಕೇಕು ಬಂತು. ಮೈಸೂರಿನಲ್ಲಿ ಆನೆ ಇದೆಯಾ, ಹಣೆಯ ಬೊಟ್ಟು ಅಳಿಸಿಹೋಗುವುದಿಲ್ಲವಾ ಅಂತ ಪ್ರಶ್ನೆಗಳು ಬಂದವು. ಮೇಜಿನಾಚೆ ಕೂತ ಗಂಡನ ಹತ್ತಿರ ನಾನು ಕನ್ನಡದಲ್ಲಿ ಜಗಳ ಶುರುಮಾಡಿದೆ. ಯಾರಿಗೂ ಅನುಮಾನ ಬಾರದ ಹಾಗೆ ಇಬ್ಬರ ಮುಖದಲ್ಲೂ ನಗು.

"ನೆನ್ನೆ ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದೆ, ಪಕ್ಕದವರಿಗೆ ಸಕ್ಕರೆ ಕೊಡುತ್ತ.

"ನೀನು ಬಾಯಿ ಬಿಡಬಹುದಿತ್ತಲ್ಲ. ಜರ್ಮನ್ ಬರೋದು ನಿಂಗೆ."

"ಕೇಳಿದ್ದು ನಿಮ್ಮನ್ನ. ನನ್ನ ಯಾರು ಕೇಳಿದ್ರು?"

"ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ ಕಣೇ" ಅಂದರು ಗಂಡ, ಕೇಕಿನ ತಟ್ಟೆಗೆ ಹೇಳಿದ ಹಾಗೆ. "ಬೇರೆ ಲ್ಯಾಬ್ ಸಿಗತ್ತೆ ಬಿಡು. ಇಷ್ಟು ದಿನ ಮನೇಲಿ ಆರಾಮಾಗೇ ಇದ್ಯಲ್ಲ."

ನನಗೆ ಕೋಪ ಬಂದಿತ್ತು ನಿಜ, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ಮನುಷ್ಯನಿಗೆ ನಿಜವಾಗಲೂ ಗೊತ್ತಿಲ್ಲ ಅಂತ. ಗೊತ್ತಾಗುವುದಾದರೂ ಹೇಗೆ, ದಿನಾ ಸಂಜೆ ನಾನೇ ಅಲ್ಲವೇ ಆರಾಮಾಗಿದ್ದೆ ಅಂದದ್ದು. ಎದುರುಮನೆಯ ಹೆಂಗಸು, ನಿಮ್ಮ ಭಾಷೆ ಎಷ್ಟು ಇಂಪಾಗಿದೆ, ಹಾಡಿದ ಹಾಗೆ ಇದೆ ಅಂದಳು. ಥ್ಯಾಂಕ್ಸ್ ಅಂದೆ.

ಪ್ರೊಫೆಸರರ ಆಫೀಸಿಗೆ ಫೋನ್ ಮಾಡಿದರೆ ಭಾನುವಾರ ಯಾರೂ ಎತ್ತಲಿಲ್ಲ. ಎತ್ತಿದ್ದರೂ ಏನು ಹೇಳುವುದು, ಸಮುದ್ರದಲ್ಲಿ ನೀರಿಲ್ಲ ಅಂತಲೇ? ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಚಂದದ ಕುರ್ಚಿ ಇತ್ತು. ಅಜ್ಜಿ ಕೂರು ಅಂದರೂ ನಾನು ಅದರಲ್ಲಿ ಕೂರಲಿಲ್ಲ, ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತೆ.

ಸೋಮವಾರ ಬೆಳಗ್ಗೆ ತಿಂಡಿಗೆ ಕೂತಾಗ ಅಜ್ಜಿ ಮಗನಿಗೆ ಅವರ ದ್ವೀಪದ ಮಾತಿನಲ್ಲಿ ಏನೋ ಹೇಳಿದರು. ಬಾಸು ಎದ್ದು ಫೋನ್ ಮಾಡಿದರು. ಹಡಗಿಲ್ಲದ ದಿನಗಳಲ್ಲಿ ಪೇಪರು, ಔಷಧಿ ತರಲು ಒಂದು ಪುಟ್ಟ ವಿಮಾನ ಬರುತ್ತದಂತೆ, ವಾಪಸು ಹ್ಯಾಂಬರ್ಗ್‌ಗೆ ಹೋಗುವಾಗ ಜನರನ್ನೂ ಕೂರಿಸಿಕೊಳ್ಳುತ್ತದಂತೆ. ಬಾಸು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನನ್ನ ಗಂಡನ ಕಡೆ ತಿರುಗಿದರು. "ಒಂದು ಸೀಟಿದೆ. ಒಂದೇ. ಬೇಕಾ?"

ಗಂಡ ನನ್ನನ್ನು ನೋಡಿದರು. ಇಲ್ಲಿಗೆ ಬಂದ ಮೇಲೆ ನಾನು ಊರಾಚೆ ಒಬ್ಬಳೇ ಹೋದವಳಲ್ಲ. "ನೋ ನೋ, ಅಷ್ಟೊಂದು ಟ್ರಬಲ್..." ಅಂತ ಅವರ ಬಾಯಿ ತಾನಾಗಿಯೇ ಶುರುಮಾಡಿತು.

"ಬೇಕು" ಅಂದೆ ನಾನು, ಜರ್ಮನ್‌ನಲ್ಲಿ. "ನನಗೆ ಬೇಕು. ನಾನು ಹೋಗ್ತೀನಿ."

ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಮೇಜಿನ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಬಾಸು ತಲೆಯಾಡಿಸಿ ಫೋನಿನಲ್ಲಿ ಒಂದು ಮಾತು ಹೇಳಿ, ನನ್ನ ತೂಕ ಎಷ್ಟು ಅಂತ ಕೇಳಿದರು. ವಿಮಾನ ಚಿಕ್ಕದು ಅಲ್ಲವೇ, ಪೈಲಟ್‌ಗೆ ಬೇಕಂತೆ. ಅದನ್ನೂ ಹೇಳಿದೆ. ಅಜ್ಜಿ ಚಾಕು ತೆಗೆದುಕೊಂಡು ಬ್ರೆಡ್ ಕೊಯ್ಯುತ್ತ, "ದಾರಿಗೆ ಚೀಸ್ ಹಾಕಲಾ, ಜಾಮ್ ಹಾಕಲಾ?" ಅಂದರು.

"ಎರಡೂ" ಅಂದೆ.

ಅಜ್ಜಿ ಮೊದಲ ಸಲ ನಕ್ಕರು. ಬೆಣ್ಣೆಯನ್ನೂ ದಪ್ಪಗೆ ಸವರಿದರು.

ಏರೋಡ್ರೋಮ್ ಅಂದರೆ ಒಂದು ಹುಲ್ಲುಗಾವಲು, ಒಂದು ಶೆಡ್ಡು, ಒಂದು ಬೇಲಿ. ವಿಮಾನ ನಮ್ಮ ಊರಿನ ಮಾರುತಿ ವ್ಯಾನಿಗಿಂತ ಸ್ವಲ್ಪ ದೊಡ್ಡದಿತ್ತು. ಗಾಳಿಗೆ ಅದರ ರೆಕ್ಕೆ ಅಲುಗಾಡುತ್ತಿತ್ತು. ಮನೆಯ ಬೀಗದ ಕೈ, ಒಂದಿಷ್ಟು ದುಡ್ಡು, ಟಿಕೆಟ್ ಎಲ್ಲ ಕೊಟ್ಟ ಮೇಲೆ ಗಂಡ ಬೇಲಿ ಹಿಡಿದುಕೊಂಡು ನಿಂತರು. ಮಫ್ಲರಿನೊಳಗೆ ಅವರ ಮುಖ ಸಣ್ಣದಾಗಿತ್ತು.

"ನೀನು ಹೋಗ್ಬಿಟ್ರೆ ನಾನಿಲ್ಲಿ ದಿನವಿಡೀ ಏನೇ ಮಾಡ್ಲಿ?" ಅಂದರು. "ಭಾಷೆ ಬರಲ್ಲ, ಕೆಲಸ ಇಲ್ಲ, ಆಚೆ ಹೋಗೋ ಹಾಗಿಲ್ಲ."

ಅವರು ಅದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ, ಪಾಪ. ನಿಜವಾಗಿ ಕೇಳಿದರು. ನನಗೆ ಮಾತು ಹುಡುಕಬೇಕಾಗಿ ಬರಲಿಲ್ಲ.

"ಕಿಟಕಿ ಹತ್ರ ಕೂತ್ಕೊಳ್ಳಿ" ಅಂದೆ. "ಹೊತ್ತು ಹೋಗತ್ತೆ."

ವಿಮಾನ ಏಳುವಾಗ ಪಕ್ಕದ ಸೀಟಿನ ಮುದುಕರು ನನ್ನ ಕೈ ಹಿಡಿದುಕೊಂಡರೋ, ನಾನು ಅವರ ಕೈ ಹಿಡಿದೆನೋ, ಈಗ ನೆನಪಿಲ್ಲ. ಕೆಳಗೆ ಸಮುದ್ರದ ತಳ ಕಟಾವಾದ ಗದ್ದೆಯ ಹಾಗೆ ಬರಿದಾಗಿ ಬಿದ್ದಿತ್ತು. ಬೇಲಿಯ ಹತ್ತಿರ ಒಂದು ಮಫ್ಲರ್ ಕಾಣಿಸಿತು, ಆಮೇಲೆ ಅದೂ ಕಾಣಿಸಲಿಲ್ಲ. ಇಷ್ಟು ಬೇಗ ಆಚೆ ದಡ ಬಂದುಬಿಡುತ್ತದೆ ಅಂತ ನಾನು ಎಣಿಸಿರಲಿಲ್ಲ. ಹ್ಯಾಂಬರ್ಗ್‌ನಲ್ಲಿ ಭಾನುವಾರದ ಟಿಕೆಟ್ ಬದಲಿಸಲು ಕೌಂಟರಿನವಳ ಹತ್ತಿರ, ಮ್ಯೂನಿಕ್‌ನಲ್ಲಿ ರೈಲಿನ ಹತ್ತಿರ, ಎಲ್ಲ ಕಡೆ ನಾನೇ ಕೇಳಿದೆ, ನಾನೇ ಉತ್ತರ ಕೊಟ್ಟೆ. ಬ್ರೆಡ್ಡನ್ನು ರೈಲಿನಲ್ಲಿ ಪೂರ್ತಿ ತಿಂದು ಮುಗಿಸಿದೆ.

ಯೂನಿವರ್ಸಿಟಿ ಮುಟ್ಟಿದಾಗ ನನ್ನ ಬೂಟಿನಲ್ಲಿ ದ್ವೀಪದ ಕೆಸರು ಹಾಗೇ ಒಣಗಿತ್ತು. ಪ್ರೊಫೆಸರ್ ಅದನ್ನು ನೋಡಿ ಎಲ್ಲಿಂದ ಬಂದಿರಿ ಅಂದರು, ಹೇಳಿದೆ. ಕಾಫಿ ಬೇಕಾ ಅಂದರು, ಬೇಕು ಅಂದೆ. ಹಾಲು? ಅದೂ ಬೇಕು. ಮೈಸೂರಿನ ಕೆಲಸದ ಬಗ್ಗೆ ತುಂಬಾ ಹೊತ್ತು ಕೇಳಿದರು. ಮರುದಿನ ಏರ್‌ಪೋರ್ಟಿಗೆ ಹೊರಡುವ ಮುನ್ನ ಅವರೇ ಫೋನ್ ಮಾಡಿ, ಕೆಲಸ ನಿಮ್ಮದು ಅಂದರು.

ಗಾಳಿ ಮಂಗಳವಾರವೂ ತಿರುಗಲಿಲ್ಲ. ಅವತ್ತು ಸಂಜೆ ಗಂಡನ ಫೋನ್ ಬಂತು. ಸುದ್ದಿ ಹೇಳಿದೆ. ಖುಷಿಪಟ್ಟರು, ನಿಜವಾಗಲೂ ಪಟ್ಟರು. ಅಲ್ಲಿನ ಗಾಳಿಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಇಲ್ಲಿ ಎದುರುಮನೆಯವ್ರು ಹನ್ನೊಂದಕ್ಕೆ ಸರಿಯಾಗಿ ಬೆಕ್ಕನ್ನ ಆಚೆ ಬಿಡ್ತಾರೆ" ಅಂದರು. "ಅದು ಬೇಲಿ ಸುತ್ತಿಕೊಂಡು ಬರತ್ತೆ. ಬಂದು ಬಾಗಿಲ ಹತ್ರ ಕೂರತ್ತೆ. ಅವ್ರು ತೆಗೆಯೋದು ಮಧ್ಯಾಹ್ನದ ಮೇಲೇನೇ."

"ಹೂಂ" ಅಂದೆ.

"ನಿಂಗೆ ಅಲ್ಲಿ ದಿನಾ ಹೀಗೇ ಇರ್ತಿತ್ತೇನೇ?"

ಏನಿಲ್ಲ ಬಿಡಿ, ಆರಾಮಾಗಿದ್ದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಂದುಬಿಟ್ಟರೆ ಅವರಿಗೂ ಹಗುರ. ಇನ್ನೊಂದು ಸಲ ಕೇಳುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

"ಹೌದು" ಅಂದೆ. "ದಿನಾ ಹೀಗೇ ಇರ್ತಿತ್ತು."